ಅಹವಾಲು ಸಭೆಯ ಮೈಕು ಆರಿಸಬೇಡಿ: ಕೇಂದ್ರ ಸಚಿವ ಪ್ರಲ್ಹಾದ ಜೋಶಿ ಅವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಶ್ರೀ ಪ್ರಲ್ಹಾದ ಜೋಶಿ ಅವರು,
ಕೇಂದ್ರ ನವ ಮತ್ತು ನವೀಕರಿಸಬಹುದಾದ ಇಂಧನ ಸಚಿವರು,
ಧಾರವಾಡ ಲೋಕಸಭಾ ಕ್ಷೇತ್ರದ ಸಂಸದರು.

ವಿಷಯ: ಬ್ಯಾಟರಿ, ಸೋಲಾರ್‌ಗೆ ಬೇಕಾದ ಖನಿಜಗಳ ಗಣಿಗೆ ಜನರನ್ನು ಕೇಳುವ ಸಭೆ ಬೇಡ ಎಂದು ಮಾಡಿರುವ ಆದೇಶದ ಬಗ್ಗೆ.

ಮಾನ್ಯರೇ,

ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಬ್ಯಾಟರಿ, ಇನ್ವರ್ಟರ್ ಅಂಗಡಿ ಇಟ್ಟುಕೊಂಡವನು. ಈಗ ಕೆಲವು ವರ್ಷಗಳಿಂದ ಸೋಲಾರ್ ಕೂರಿಸುವ ಕೆಲಸವನ್ನೂ ಮಾಡುತ್ತೇನೆ. ನನ್ನ ಓಟು ಇರುವುದು ನಿಮ್ಮ ಕ್ಷೇತ್ರದಲ್ಲಿ. ಹುಟ್ಟಿದ ಊರು ಮಾತ್ರ ಮುಂಡರಗಿ ತಾಲೂಕಿನಲ್ಲಿ, ಕಪ್ಪತಗುಡ್ಡದ ಬುಡದಲ್ಲಿ. ಅಲ್ಲಿ ನಮ್ಮ ಅಣ್ಣ ಮಸಾರಿ ಹೊಲದಲ್ಲಿ ಶೇಂಗಾ, ಹೆಸರು ಬೆಳೆಯುತ್ತಾನೆ. ತಿಂಗಳಿಗೆ ಎರಡು ಸಲವಾದರೂ ಗದಗಿನ ಮೇಲೆ ಹಾದು ಊರಿಗೆ ಹೋಗಿಬರುತ್ತೇನೆ.

ಪರಿಸರ ಖಾತೆ ನಿಮ್ಮದಲ್ಲ, ಗೊತ್ತು. ಆದರೂ ಈ ಪತ್ರ ನಿಮಗೇ ಬರೆಯುತ್ತಿದ್ದೇನೆ. 2019ರಿಂದ 2024ರವರೆಗೆ ದೇಶದ ಗಣಿ ಸಚಿವರು ನೀವು. 2023ರಲ್ಲಿ ಗಣಿ ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂದಾಗಲೂ ನೀವೇ ಇದ್ದಿರಿ. ಲಿಥಿಯಂ ಸೇರಿ ಆರು ಖನಿಜಗಳನ್ನು ಅಣು ಖನಿಜಗಳ ಪಟ್ಟಿಯಿಂದ ತೆಗೆದದ್ದು, 'ನಿರ್ಣಾಯಕ' ಅಂತ ಪಟ್ಟಿ ಮಾಡಿದ 24 ಖನಿಜಗಳ ಹರಾಜನ್ನು ಕೇಂದ್ರವೇ ಕೈಗೆ ತೆಗೆದುಕೊಂಡದ್ದು ಆಗಲೇ. ಈಗ ನಿಮ್ಮ ಕೈಯಲ್ಲಿರುವುದು ಸೋಲಾರ್, ಗಾಳಿ ವಿದ್ಯುತ್. ಅಂದರೆ ಅದಿರು ತೆಗೆಯುವ ತುದಿಯನ್ನೂ ನೋಡಿದ್ದೀರಿ, ಅದರಿಂದಾದ ಪ್ಯಾನಲ್ಲು, ಫ್ಯಾನು ಜನರಿಗೆ ತಲುಪುವ ತುದಿಯನ್ನೂ ನೋಡುತ್ತಿದ್ದೀರಿ. ದೆಹಲಿಯಲ್ಲಿ ಈ ಎರಡೂ ತುದಿ ಬಲ್ಲವರು ಎಷ್ಟು ಜನ ಇದ್ದಾರು? ಅದೂ ಕಪ್ಪತಗುಡ್ಡಕ್ಕೆ ಹುಬ್ಬಳ್ಳಿಯಷ್ಟು ಹತ್ತಿರದಲ್ಲಿ?

ವಿಷಯಕ್ಕೆ ಬರುತ್ತೇನೆ. 2025ರ ಸೆಪ್ಟೆಂಬರ್ 8ರಂದು ಕೇಂದ್ರ ಪರಿಸರ ಸಚಿವಾಲಯ ಒಂದು ಜ್ಞಾಪನ ಪತ್ರ ಹೊರಡಿಸಿತು. ಅಣು ಖನಿಜ, ನಿರ್ಣಾಯಕ ಖನಿಜಗಳ ಗಣಿಗೆ ಇನ್ನು ಮುಂದೆ ಸಾರ್ವಜನಿಕ ಅಹವಾಲು ಬೇಕಿಲ್ಲ ಅನ್ನುವುದು ಅದರ ತಿರುಳು. ಗಣಿ ಎಷ್ಟೇ ದೊಡ್ಡದಿರಲಿ, ಕೇಂದ್ರದ ಮಟ್ಟದಲ್ಲೇ ಪರಿಶೀಲನೆ. ಪರಿಸರ ವರದಿ ಬರೆಯಲೇಬೇಕು, ತಜ್ಞರ ಸಮಿತಿ ನೋಡಲೇಬೇಕು. ಅದನ್ನು ತೆಗೆದಿಲ್ಲ. ಜನರನ್ನು ಕೇಳುವ ಒಂದು ಹಂತವನ್ನು ಮಾತ್ರ ತೆಗೆದಿದ್ದಾರೆ.

ಆ ಒಂದು ಹಂತ ಹೋದರೆ ಏನಾಗುತ್ತದೆ ಅಂತ ನನಗೆ ಎರಡು ಅನುಭವ ಇವೆ. ಒಂದು, ಯಾರೂ ಕೇಳದೇ ಆದದ್ದು. ಇನ್ನೊಂದು, ಕೇಳಿ ಆದದ್ದು.

ಮೊದಲು, ಕೇಳದೇ ಆದದ್ದು. ಗಾಳಿ ವಿದ್ಯುತ್ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಪರಿಸರ ಅನುಮತಿಯೇ ಬೇಕಿಲ್ಲ, ನಿಮಗೆ ಗೊತ್ತೇ ಇದೆ. ಕೆಲ ವರ್ಷಗಳ ಹಿಂದೆ ಒಂದು ಕಂಪನಿಯವರು ನಮ್ಮೂರಿಗೆ ಬಂದರು. ಮನೆ ಮನೆಗೆ ಏಜೆಂಟರು ಬಂದರು. ಅಣ್ಣನ ಹೊಲದ ಒಂದು ಅಂಚು ಫ್ಯಾನಿನ ದಾರಿಗೆ ಹೋಯಿತು. ಕರಾರು ಪತ್ರ ಇಂಗ್ಲಿಷಿನಲ್ಲಿತ್ತು. ಅಣ್ಣ ಸಹಿ ಮಾಡಿದ, ಅವ್ವ ಹೆಬ್ಬೆಟ್ಟು ಒತ್ತಿದಳು. ನಾನು ಊರಿಗೆ ಹೋಗಿ ಓದುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ದುಡ್ಡು ಕೊಟ್ಟರು, ಸುಳ್ಳು ಹೇಳಬಾರದು. ಆದರೆ ಆ ರೆಕ್ಕೆಗಳನ್ನು ಹೊತ್ತ ಉದ್ದನೆಯ ಟ್ರೇಲರ್ ತಿರುಗಬೇಕು ಅಂತ ದಾರಿಯನ್ನು ಎತ್ತರಿಸಿ ಕಟ್ಟಿದರು. ಗುಡ್ಡದ ನೀರು ಮೊದಲು ಮೂರು ಕಡೆ ಹಂಚಿ ಇಳಿಯುತ್ತಿತ್ತು. ಆಮೇಲೆ ದಾರಿಗೆ ಹೊಡೆದು ಒಂದೇ ಕಡೆ ನುಗ್ಗತೊಡಗಿತು. ಮುಂದಿನ ಮಳೆಗಾಲದಲ್ಲೇ ನಮ್ಮ ಬದು ಒಡೆದು, ಬಿತ್ತಿದ ಹೆಸರು ಮಣ್ಣಿನ ಜೊತೆ ಹಳ್ಳ ಸೇರಿತು.

ಯಾರನ್ನು ಕೇಳಬೇಕು? ಗೇಟಿನಲ್ಲಿ ಒಬ್ಬ ವಾಚ್‌ಮನ್ ಇದ್ದ. ಅವನು ಒಂದು ನಂಬರ್ ಕೊಟ್ಟ. ಆ ನಂಬರಿನವರು "ನಾವು ಈಗ ಅದನ್ನ ಬೇರೆ ಕಂಪನಿಗೆ ಮಾರಿದೀವ್ರಿ" ಅಂದರು. ಹೊಸ ಕಂಪನಿಯವರು ಮಳೆ ನೀರಿನ ವಿಷಯ ತಮ್ಮ ಕಾಗದದಲ್ಲಿ ಎಲ್ಲೂ ಇಲ್ಲ ಅಂದರು. ಅದು ನಿಜವೂ ಹೌದು. ಯಾವ ಕಾಗದದಲ್ಲೂ ಬರೆಯದ ಮಾತನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಕೊನೆಗೆ ಅಣ್ಣನೇ ಜೆಸಿಬಿ ಬಾಡಿಗೆ ಕೊಟ್ಟು ಬದು ಹಾಕಿಸಿದ. ದಾರಿಯ ಕೆಳಗೆ ಎರಡು ಸಿಮೆಂಟ್ ಪೈಪ್ ಇಟ್ಟಿದ್ದರೆ ಮುಗಿದುಹೋಗುತ್ತಿದ್ದ ಕೆಲಸ ಅದು.

ಇನ್ನು ಕೇಳಿ ಆದದ್ದು. ನಮ್ಮೂರಿನಿಂದ ಸ್ವಲ್ಪ ದೂರದಲ್ಲಿ ಕಲ್ಲು ಗಣಿ ಗುತ್ತಿಗೆಗಳಿಗೆ ಅನುಮತಿ ಕೇಳಿದ್ದರು. ಅದಕ್ಕೆ ಅಹವಾಲು ಸಭೆ ಇತ್ತು. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಒಂದು ಮೈಕು, ನಾಲ್ಕು ಜನ ಪೊಲೀಸರು, ಚಹಾ, ಉಪ್ಪಿಟ್ಟು. ಪೂರ್ತಿ ವರದಿ ಇಂಗ್ಲಿಷಿನಲ್ಲಿ, ದಪ್ಪ ಪುಸ್ತಕ. ಕನ್ನಡದ ಸಾರಾಂಶ ಕೆಲವೇ ಪುಟ. ಅದನ್ನು ಓದಿದವರು ಇಡೀ ಶಾಮಿಯಾನದಲ್ಲಿ ಐದಾರು ಜನ ಇರಬಹುದು, ನನ್ನನ್ನೂ ಸೇರಿಸಿ. ಇದೆಲ್ಲ ಸುಮ್ನೆ ನಾಟಕ ಅಂತ ನಾನೂ ಅಂದುಕೊಂಡೇ ಹೋಗಿದ್ದೆ.

ಕನ್ಸಲ್ಟಂಟ್ ಒಬ್ಬರು ಪರದೆಯ ಮೇಲೆ ನಕಾಶೆ ತೋರಿಸಿದರು. ಹೇಳಿಕೊಳ್ಳುವಂಥ ನೀರಿನ ಮೂಲ ಹತ್ತಿರದಲ್ಲಿ ಯಾವುದೂ ಇಲ್ಲ ಅಂದರು. ಆಮೇಲೆ ಮೈಕು ಜನರ ಕಡೆ ಬಂತು. ಸೆರಗು ತಲೆ ಮೇಲೆ ಹೊದ್ದಿದ್ದ ಒಬ್ಬ ಅಜ್ಜಿ ಎದ್ದು ನಿಂತಳು. ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಸಾಹೇಬ್ರ, ನನ್ನ ಆಡು ಈ ಹಳ್ಳದಾಗ ನೀರು ಕುಡಿತಾವ್ರಿ. ನೀವು ಅದರಾಗ ಮಣ್ಣು ಒಗದ್ರ ಅವು ಎಲ್ಲಿಗೆ ಹೋಗ್ಬೇಕು?" ಅಂದಳು. ಕೆಲವರು ನಕ್ಕರು. ಕನ್ಸಲ್ಟಂಟರಿಗೆ ಯಾವ ಹಳ್ಳ ಅಂತಲೇ ತಿಳಿಯಲಿಲ್ಲ. ಯಾಕೆಂದರೆ ಅವರು ಸ್ಥಳ ನೋಡಿದ್ದು ಬೇಸಿಗೆಯಲ್ಲಿ. ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ಮಾತ್ರ ನಗಲಿಲ್ಲ. ಪಕ್ಕದವರಿಗೆ "ಇದನ್ನ ಬರ್ಕೊಳ್ರಿ" ಅಂದರು.

ಅಷ್ಟೇ. ಆದರೆ ಆ ಮಾತು ನಡಾವಳಿಗೆ ಬಂತು. ನಡಾವಳಿಯಿಂದ ಅನುಮತಿ ಪತ್ರದ ಷರತ್ತಿಗೂ ಬಂತು. ಆ ಹಳ್ಳದ ಅಂಚಿನಲ್ಲಿ ಮಣ್ಣು ಸುರಿಯುವಂತಿಲ್ಲ ಅಂತ ಒಂದು ಸಾಲು. ಈಗಲೂ ಆಡು ಅಲ್ಲೇ ನೀರು ಕುಡಿಯುತ್ತವೆ. ಧೂಳಿನ ಬಗ್ಗೆ ಹತ್ತು ಜನ ಮಾತಾಡಿದ್ದರು. ಅದು ನಿಂತಿಲ್ಲ, ಜಾಸ್ತಿಯೇ ಆಗಿದೆ. ಅಹವಾಲು ಸಭೆಯಿಂದ ಎಲ್ಲಾ ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಅಜ್ಜಿಯ ಒಂದು ಮಾತು ಸರ್ಕಾರಿ ಕಾಗದದೊಳಗೆ ಹೋಗಲು ಇರುವ ದಾರಿ ಅದೊಂದೇ. ಈಗ ಮುಚ್ಚಿದ್ದು ಆ ದಾರಿಯನ್ನು.

ಇದಕ್ಕೆ ನಿಮ್ಮ ಕಡೆಯ ಉತ್ತರ ಏನಿರಬಹುದು ಅಂತ ನನಗೆ ಅಂದಾಜಿದೆ. ಅದರಲ್ಲಿ ಹುರುಳಿಲ್ಲ ಅನ್ನಲಾರೆ. 2025ರ ಏಪ್ರಿಲ್‌ನಲ್ಲಿ ಚೀನಾ ಅಪರೂಪದ ಲೋಹಗಳ ಮ್ಯಾಗ್ನೆಟ್ ರಫ್ತಿಗೆ ಬಿಗಿ ಹಿಡಿದಾಗ ನಮ್ಮ ದೇಶದ ಎಲೆಕ್ಟ್ರಿಕ್ ಸ್ಕೂಟರ್ ಕಂಪನಿಗಳಿಗೇ ಬಿಸಿ ತಟ್ಟಿತು. ಬೇರೆಯವರ ಮುಂದೆ ಕೈ ಚಾಚಬಾರದು, ಒಪ್ಪುತ್ತೇನೆ. 2025ರ ಜನವರಿಯಲ್ಲಿ 16,300 ಕೋಟಿ ರೂಪಾಯಿಯ ರಾಷ್ಟ್ರೀಯ ನಿರ್ಣಾಯಕ ಖನಿಜ ಮಿಷನ್‌ಗೆ ಸಂಪುಟ ಒಪ್ಪಿಗೆ ಕೊಟ್ಟಾಗ ನಾನೂ ಖುಷಿಪಟ್ಟವನೇ. ನನ್ನ ವ್ಯಾಪಾರವೇ ಅದರ ಮೇಲೆ ನಿಂತಿದೆ. ನಾನು ಮಾರುವ ಲಿಥಿಯಂ ಪ್ಯಾಕುಗಳು ಹೆಚ್ಚಾಗಿ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಜಾತಿಯವು. ಅದರಲ್ಲಿ ಕೋಬಾಲ್ಟ್ ಇಲ್ಲ. ಆದರೆ ಲಿಥಿಯಂ, ಫಾಸ್ಫೇಟ್, ಗ್ರಾಫೈಟ್ ಬೇಕೇ ಬೇಕು. ಮೂರೂ ನಿಮ್ಮ 24ರ ಪಟ್ಟಿಯಲ್ಲಿವೆ. ಎಲ್ಲಿಂದಲೋ ಅಗೆದು ತರಲೇಬೇಕು. ಅಗೆಯಲೇಬೇಡಿ ಅನ್ನುವವನು ನಾನಲ್ಲ.

ಆದರೆ ತಡ ಆಗುತ್ತದೆ ಅನ್ನುವ ಕಾರಣ ನನಗೆ ಅರ್ಥವಾಗುತ್ತಿಲ್ಲ. ಅಹವಾಲು ಸಭೆಗೆ ಜನರಿಗೆ 30 ದಿನ ಮುಂಚೆ ನೋಟಿಸ್ ಕೊಡಬೇಕು. ಇಡೀ ಪ್ರಕ್ರಿಯೆಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 45 ದಿನದಲ್ಲಿ ಮುಗಿಸಬೇಕು. ಇದು ನಿಯಮದಲ್ಲೇ ಇದೆ. ಒಂದು ಗಣಿ ಹುಡುಕಿ, ಅಳೆದು, ಹರಾಜು ಹಾಕಿ, ಅದಿರು ತೆಗೆಯಲು ಎಷ್ಟು ವರ್ಷ ಹಿಡಿಯುತ್ತದೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಷ್ಟು ವರ್ಷದಲ್ಲಿ ಈ 45 ದಿನವೇ ಭಾರವಾಯಿತೇ? 2023ರ ನವೆಂಬರ್‌ನಲ್ಲಿ ನಿಮ್ಮ ಕಾಲದಲ್ಲೇ ನಿರ್ಣಾಯಕ ಖನಿಜಗಳ ಮೊದಲ 20 ಬ್ಲಾಕ್ ಹರಾಜಿಗೆ ಬಂದವು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ರದ್ದಾದವು. ಕಾರಣ, ಸಾಕಷ್ಟು ಬಿಡ್ ಬರಲಿಲ್ಲ. ಅಲ್ಲಿ ಅಡ್ಡ ಬಂದವರು ಹಳ್ಳಿಯವರಾ? ಶಾಮಿಯಾನ ಹಾಕುವ ಹೊತ್ತಿಗೆ ವಿಷಯ ಬಂದೇ ಇರಲಿಲ್ಲ, ಅಲ್ವಾ?

ಇನ್ನೊಂದು ಮಾತು. ಜನರು ಕೇಳಿದ್ದರಿಂದ ಈ ಭಾಗಕ್ಕೆ ಕೇಡಾಗಿದೆಯಾ ಅಂತ ಒಮ್ಮೆ ಹಿಂದೆ ತಿರುಗಿ ನೋಡಬೇಕು. 1987ರ ನವೆಂಬರ್ 14ರಂದು ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ-ಹಚ್ಚಿಕೋ ಅಂತಲೇ ಆ ಸತ್ಯಾಗ್ರಹದ ಹೆಸರು. ದನ ಮೇಯುವ ಜಾಗದಲ್ಲಿ ಕಾರ್ಖಾನೆಗೆ ಬೇಕಾದ ಮರ ಬೆಳೆಸುವ ಯೋಜನೆ ಅದು. ಅದಕ್ಕೂ ಆಗ 'ಅರಣ್ಯ ಬೆಳೆಸುವುದು' ಅಂತಲೇ ಕರೆಯುತ್ತಿದ್ದರು. ಹಸಿರು ಅನ್ನುವ ಹೆಸರು ಇತ್ತು, ಕೇಳುವ ಅಭ್ಯಾಸ ಇರಲಿಲ್ಲ. ಕೊನೆಗೆ ಆ ಯೋಜನೆ ನಡೆಸುತ್ತಿದ್ದ ಕಂಪನಿಯೇ ಮುಚ್ಚಿತು. ಬಳ್ಳಾರಿಯ ಅಕ್ರಮ ಗಣಿಗಾರಿಕೆಯನ್ನು 2009ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದದ್ದು ನಮ್ಮ ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್.ಆರ್. ಹಿರೇಮಠರು. 2011ರ ಜುಲೈನಲ್ಲಿ ಕೋರ್ಟು ಅಲ್ಲಿ ಗಣಿಗಾರಿಕೆ ನಿಲ್ಲಿಸಿತು. ಅದೇ ತಿಂಗಳು ಹಳ್ಳಿಗುಡಿಯ ಪೋಸ್ಕೊ ಉಕ್ಕಿನ ಕಾರ್ಖಾನೆ ಯೋಜನೆಯನ್ನು ಸರ್ಕಾರ ಕೈಬಿಟ್ಟಿತು. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ರೈತರ ಜೊತೆ ನಿಂತದ್ದನ್ನು ನೀವೂ ನೋಡಿದ್ದೀರಿ. ಆ ಮಸಾರಿ, ಎರೆ ಹೊಲಗಳು ಇವತ್ತಿಗೂ ಬೆಳೆ ಕೊಡುತ್ತಿವೆ.

ಕಪ್ಪತಗುಡ್ಡದ ಕತೆಯಂತೂ ಹೇಳಿದರೆ ನಗು ಬರುತ್ತದೆ. 2015ರ ಡಿಸೆಂಬರ್‌ನಲ್ಲಿ ಸಂರಕ್ಷಿತ ಪ್ರದೇಶ ಅಂದರು. 2016ರಲ್ಲಿ ಅಲ್ಲ ಅಂದರು. ಸ್ವಾಮಿಗಳು, ಜನ ಬೀದಿಗಿಳಿದ ಮೇಲೆ 2017ರಲ್ಲಿ ಮತ್ತೆ ಹೌದು ಅಂದರು. 2019ರಲ್ಲಿ ವನ್ಯಜೀವಿ ಧಾಮವಾಯಿತು. ಆ ಗುಡ್ಡದ ಕೆಳಗೆ ಚಿನ್ನ ಇದೆ, ಕಬ್ಬಿಣ ಇದೆ ಅನ್ನುವುದಕ್ಕೇ ಇಷ್ಟೆಲ್ಲ ಹಗ್ಗಜಗ್ಗಾಟ. ಚಿನ್ನ, ಕಬ್ಬಿಣ ನಿಮ್ಮ 24ರ ಪಟ್ಟಿಯಲ್ಲಿಲ್ಲ, ನಿಜ. ವನ್ಯಜೀವಿ ಧಾಮದೊಳಗೆ, ಅದರ ಒಂದು ಕಿಲೋಮೀಟರ್ ಸುತ್ತ ಗಣಿಗಾರಿಕೆ ಬೇಡ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ, ಅದೂ ನಿಜ. ಹಾಗಾಗಿ ನಾಳೆಯೇ ನಮ್ಮೂರಿಗೆ ಗಣಿ ಬರುತ್ತದೆ ಅಂತ ಹೆದರಿಸುತ್ತಿಲ್ಲ. ಆದರೆ ಮಂಡ್ಯದ ಮಾರ್ಲಗಲ್ಲದಲ್ಲಿ 1,600 ಟನ್ ಲಿಥಿಯಂ ಇದೆ ಅಂತ ಸರ್ಕಾರವೇ ಹೇಳಿದೆ. ಹಾವೇರಿಯ ಪಕ್ಕದ ದಾವಣಗೆರೆ ಜಿಲ್ಲೆಯ ಚನ್ನಗಿರಿ ಕಡೆ ವೆನೇಡಿಯಂ ಇರುವ ಅದಿರಿದೆ. ಅಲ್ಲಿನ ಅಜ್ಜಿಯರೂ ಆಡು ಸಾಕುತ್ತಾರೆ. ಮತ್ತೆ ಪಟ್ಟಿಗೆ ಇನ್ನೊಂದು ಹೆಸರು ಸೇರಿಸಲು ಎಷ್ಟು ಹೊತ್ತು ಬೇಕು?

ಹೊರಗಡೆ ಏನು ನಡೆಯುತ್ತಿದೆ ಅನ್ನುವುದನ್ನೂ ನೋಡಿ. ಬ್ರೆಜಿಲಿನ ಬ್ರುಮಾಡಿನ್ಯೋದಲ್ಲಿ 2019ರ ಜನವರಿಯಲ್ಲಿ ಗಣಿಯ ಕೆಸರು ತಡೆದಿಟ್ಟಿದ್ದ ಅಣೆಕಟ್ಟು ಒಡೆದು 270 ಜನ ಸತ್ತರು. ಅದಾದ ಮೇಲೆ ಗಣಿ ಕಂಪನಿಗಳ ಒಕ್ಕೂಟ, ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ, ಹೂಡಿಕೆದಾರರ ಸಂಸ್ಥೆ ಒಟ್ಟಿಗೆ ಕೂತು ಅಂಥ ಕಟ್ಟೆಗಳಿಗೆ ಜಾಗತಿಕ ನಿಯಮ ಮಾಡಿಕೊಂಡವು, 2020ರಲ್ಲಿ. ಇರ್ಮಾ ಅಂತ ಗಣಿಗಳು ಹೊಣೆಯಿಂದ ನಡೆಯುತ್ತಿವೆಯೇ ಎಂದು ನೋಡುವ ಇನ್ನೊಂದು ವ್ಯವಸ್ಥೆ ಇದೆ. ಗಣಿ ಕಂಪನಿ, ಅದಿರು ಕೊಳ್ಳುವವರು, ಸಾಲ ಕೊಡುವವರು, ಕಾರ್ಮಿಕರು, ಸಂಘಟನೆಗಳು, ಗಣಿಯ ಸುತ್ತಲಿನ ಊರಿನವರು, ಎಲ್ಲರಿಗೂ ಅಲ್ಲಿ ಸಮ ಓಟು. ಹೊರಗಿನವರು ಬಂದು ಗಣಿ ತಪಾಸಣೆ ಮಾಡುತ್ತಾರೆ. ವರದಿಯನ್ನು ಯಾರು ಬೇಕಾದರೂ ಓದಬಹುದು. ದೊಡ್ಡ ಕಾರು ಕಂಪನಿಗಳು ಈಗ ಅಂಥ ವರದಿ ಕೇಳುತ್ತಿವೆ. ಅವರು ಊರಿನವರಿಗೆ ಓಟು ಕೊಡುವ ಹೊತ್ತಿನಲ್ಲಿ ನಾವು ಇದ್ದ ಮೈಕನ್ನೂ ಆರಿಸುತ್ತಿದ್ದೇವೆ. ನಾಳೆ ನಮ್ಮ ಅದಿರು, ನಮ್ಮ ಬ್ಯಾಟರಿ ಹೊರದೇಶಕ್ಕೆ ಹೋಗಬೇಕಾದಾಗ 'ಅಲ್ಲಿನ ಜನರನ್ನು ಕೇಳಿದ್ದಿರಾ' ಅಂತ ಕೇಳಿದರೆ ಏನು ತೋರಿಸುತ್ತೀರಿ? ಇದು ಪರಿಸರದವರ ಪ್ರಶ್ನೆ ಅಲ್ಲ, ವ್ಯಾಪಾರಿಯ ಪ್ರಶ್ನೆ.

ಕೋಲಾರದ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಸೈನೈಡ್ ದಿಬ್ಬಗಳು ಇನ್ನೂ ಅಲ್ಲೇ ಇವೆ. ಗಾಳಿ ಬೀಸಿದರೆ ಆ ಪುಡಿ ಹಾರಿ ಮನೆಯೊಳಗೆ ಬರುತ್ತದೆ. ಅದಿರು ತೆಗೆಯುವವರು ಹೊರಟುಹೋದ ಮೇಲೆ ಗುಂಡಿ ಯಾರದು, ದಿಬ್ಬ ಯಾರದು ಅನ್ನುವುದನ್ನು ಅದಿರು ತೆಗೆಯುವ ಮೊದಲೇ ಬರೆದಿಡಬೇಕು. ಮುಚ್ಚುವ ಖರ್ಚಿನ ದುಡ್ಡು ಮೊದಲೇ ಬೇರೆ ಖಾತೆಯಲ್ಲಿ ಇರಬೇಕು. ಕಂಪನಿ ಕೈ ಬದಲಾದರೂ ಹಳೆಯ ಮಾತು ಹೊಸ ಮಾಲೀಕನ ಕೊರಳಿಗೆ ಬೀಳಬೇಕು. ಅಣ್ಣನ ಬದುವಿನ ಪಾಠ ಅದು.

ಇನ್ನು ನನ್ನ ಅಂಗಡಿಯ ಮೂಲೆಯ ವಿಷಯ. ಹಳೆಯ ಲೆಡ್ ಬ್ಯಾಟರಿಗೆ ನಮ್ಮಲ್ಲಿ ಯಾವತ್ತೂ ಗಿರಾಕಿ ಇದ್ದಾನೆ. ಗುಜರಿಯವನು ಕಿಲೋ ಲೆಕ್ಕದಲ್ಲಿ ತೂಗಿ ಒಯ್ಯುತ್ತಾನೆ. ಸೀಸಕ್ಕೆ ಬೆಲೆ ಇದೆ. ಅವನು ಆಸಿಡ್ ಎಲ್ಲಿ ಸುರಿಯುತ್ತಾನೆ ಅನ್ನುವುದು ಬೇರೆ ಪ್ರಶ್ನೆ, ಅದಕ್ಕೆ ಬೇರೆಯೇ ಪತ್ರ ಬರೆಯಬೇಕು. ಆದರೆ ಲಿಥಿಯಂ ಪ್ಯಾಕ್ ಕಂಡರೆ ಅವನು ಕೈ ಮುಗಿಯುತ್ತಾನೆ. "ಬ್ಯಾಡ್ರೀ ಅಣ್ಣಾ, ಹೊತ್ಕೊಂಡು ಉರಿತೈತಿ" ಅನ್ನುತ್ತಾನೆ. ಎಲ್‌ಎಫ್‌ಪಿಯಲ್ಲಿ ಕೋಬಾಲ್ಟ್ ಇಲ್ಲದ್ದರಿಂದ ಒಡೆದರೂ ಅವನಿಗೆ ಏನೂ ಗಿಟ್ಟುವುದಿಲ್ಲ. ಹೀಗೆ ನನ್ನ ಅಂಗಡಿ ಹಿಂದಿನ ಕೋಣೆಯಲ್ಲಿ ಹನ್ನೊಂದು ಪ್ಯಾಕ್ ಕೂತಿವೆ. ಎರಡು ಪೂರಿಯಂತೆ ಉಬ್ಬಿವೆ. ಅವನ್ನು ಮರಳು ತುಂಬಿದ ಕಬ್ಬಿಣದ ಬುಟ್ಟಿಯಲ್ಲಿ ಇಟ್ಟಿದ್ದೇನೆ. ಹಳೆಯ ಬ್ಯಾಟರಿ ವಾಪಸ್ ಪಡೆದು ಮರುಬಳಕೆಗೆ ಕಳಿಸುವುದು ತಯಾರಕರ ಹೊಣೆ ಅಂತ 2022ರ ಬ್ಯಾಟರಿ ತ್ಯಾಜ್ಯ ನಿಯಮ ಹೇಳುತ್ತದೆ. ಡೀಲರನ್ನು ಕೇಳಿದರೆ "ಕಂಪನಿಯವರು ಬರ್ತಾರೆ" ಅನ್ನುತ್ತಾನೆ. ವರ್ಷವಾಯಿತು, ಯಾರೂ ಬಂದಿಲ್ಲ. ಒಂದು ಕಡೆ ಲಿಥಿಯಂ ಇಲ್ಲ ಅಂತ ಜನರನ್ನು ಕೇಳದೇ ಗುಡ್ಡ ಅಗೆಯಲು ಹೊರಟಿದ್ದೇವೆ. ಇನ್ನೊಂದು ಕಡೆ ಅದೇ ಲಿಥಿಯಂ ಹುಬ್ಬಳ್ಳಿಯಲ್ಲಿ ಮರಳಿನ ಬುಟ್ಟಿಯಲ್ಲಿ ಕೂತಿದೆ.

ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಸೆಪ್ಟೆಂಬರ್ 8ರ ಜ್ಞಾಪನ ಪತ್ರವನ್ನು ಹಿಂದಕ್ಕೆ ಪಡೆಯಿರಿ ಅಂತ ಪರಿಸರ ಸಚಿವರಿಗೆ ನೀವು ಪತ್ರ ಬರೆಯಬೇಕು, ಸಂಪುಟದಲ್ಲಿ ಮಾತಾಡಬೇಕು. ದೇಶದ ರಕ್ಷಣೆಗೆ ಸಂಬಂಧಿಸಿದ ಗುಟ್ಟು ಯಾವುದಾದರೂ ಇದ್ದರೆ ಆ ಒಂದು ಗಣಿಗೆ ಕಾರಣ ಬರೆದು ವಿನಾಯಿತಿ ಕೊಡಲಿ. 24 ಖನಿಜಕ್ಕೂ ಒಂದೇ ಬೀಗ ಯಾಕೆ? ಸಭೆ ಮರಳಿ ಬರುವಾಗ ಪೂರ್ತಿ ವರದಿ ಕನ್ನಡದಲ್ಲಿ ಬರಲಿ, ಗ್ರಾಮ ಪಂಚಾಯಿತಿಯಲ್ಲಿ ಓದಲು ಸಿಗಲಿ. ಮಳೆಗಾಲದಲ್ಲೂ ಜಾಗ ನೋಡದೇ ವರದಿ ಬರೆಯಬಾರದು. ನಿಮ್ಮದೇ ಖಾತೆಯಲ್ಲಿ, ದೊಡ್ಡ ಗಾಳಿ ಮತ್ತು ಸೋಲಾರ್ ಯೋಜನೆಗಳಿಗೆ ಕೊನೇಪಕ್ಷ ಒಂದು ಗ್ರಾಮಸಭೆ, ಕನ್ನಡದ ಕರಾರು ಪತ್ರ, ನೀರಿನ ಹರಿವಿನ ನಕಾಶೆ ಕಡ್ಡಾಯ ಮಾಡಿ. ಇದಕ್ಕೆ ಯಾರ ಅಪ್ಪಣೆಯೂ ಬೇಡ, ಮಾರ್ಗಸೂಚಿ ಹೊರಡಿಸುವವರು ನೀವೇ. ಹುಬ್ಬಳ್ಳಿ-ಧಾರವಾಡದಲ್ಲಿ ಲಿಥಿಯಂ ಬ್ಯಾಟರಿ ಸಂಗ್ರಹ ಕೇಂದ್ರ ಒಂದಾದರೂ ಆಗಲಿ. ಜಾಗ ಬೇಕಿದ್ದರೆ ನಾವು ಅಂಗಡಿಯವರು ಸೇರಿ ಹುಡುಕಿ ಕೊಡುತ್ತೇವೆ.

2025ರ ಜುಲೈನಲ್ಲಿ ದೇಶದ ವಿದ್ಯುತ್ ಸಾಮರ್ಥ್ಯದ ಅರ್ಧ ಭಾಗ ಕಲ್ಲಿದ್ದಲು, ಅನಿಲ ಬಿಟ್ಟು ಬೇರೆ ಮೂಲಗಳಿಂದ ಬರುವಂತಾಗಿದೆ, ಗುರಿಗಿಂತ ಐದು ವರ್ಷ ಮೊದಲೇ, ಅಂತ ನೀವು ಹೆಮ್ಮೆಯಿಂದ ಹೇಳಿದಿರಿ. ಅದನ್ನು ಅಂಗಡಿಯಲ್ಲಿ ಗಿರಾಕಿಗಳಿಗೆ ನಾನೂ ಹೇಳಿದ್ದೇನೆ. ಐದು ವರ್ಷ ಉಳಿಸಿದ್ದೀರಿ. ಅದರಲ್ಲಿ 45 ದಿನ ನಮ್ಮ ಹಳ್ಳಿಗಳಿಗೆ ಕೊಡಿ.

ಉತ್ತರವನ್ನು ಬರಹದಲ್ಲಿ ಕೊಟ್ಟರೆ ಉಪಕಾರವಾಗುತ್ತದೆ. ಊರಿನಲ್ಲಿ ಓದಿ ಹೇಳಬೇಕು, ಅಣ್ಣ ಕೇಳುತ್ತಾನೆ. ಹುಬ್ಬಳ್ಳಿಗೆ ಬಂದಾಗ ಬಿಡುವು ಮಾಡಿಕೊಂಡು ಅಂಗಡಿಗೂ ಬನ್ನಿ, ಆ ಹನ್ನೊಂದು ಪ್ಯಾಕ್ ತೋರಿಸುತ್ತೇನೆ. ನೀವು ಬರುವಷ್ಟರಲ್ಲಿ ಹನ್ನೆರಡು ಆಗಿರಬಹುದು.

ಇಂತಿ,
ನಿಮ್ಮ ಕ್ಷೇತ್ರದ ಮತದಾರ,
ಬ್ಯಾಟರಿ ಅಂಗಡಿಯವನು, ಹುಬ್ಬಳ್ಳಿ